ನಾರ್ಕೊಂಡಮಿನ ಬಾಣಂತಿ ಹಕ್ಕಿ

ಮನೆಯಲ್ಲಿ ಮಕ್ಕಳ ಶಾಲೆಯ ಅಟ್ಲಾಸ್ ಇದ್ದರೆ ಒಮ್ಮೆ ತೆಗೆದು ನೋಡಿ. ಭಾರತದ ನಕಾಶೆಯ ಬಲಬದಿಯಲ್ಲಿ, ಬಂಗಾಳ ಕೊಲ್ಲಿಯ ಆಚೆ, ಅಂಡಮಾನ್ ದ್ವೀಪಗಳು ಉದ್ದಕ್ಕೆ ಸಾಲಾಗಿ ಕಾಣುತ್ತವೆ. ಆ ಸಾಲಿನಿಂದ ಬೇರೆಯಾಗಿ, ಪೂರ್ವಕ್ಕೆ, ನಾವು ಬರ್ಮಾ ಎಂದು ಕರೆಯುತ್ತಿದ್ದ ಮ್ಯಾನ್ಮಾರ್ ದೇಶದ ಕಡೆಗೆ ಒಂದು ಚಿಕ್ಕ ಚುಕ್ಕೆ ಇರಬೇಕು. ಎಷ್ಟೋ ನಕಾಶೆಗಳಲ್ಲಿ ಆ ಚುಕ್ಕೆಯೂ ಇರುವುದಿಲ್ಲ. ಅದೇ ನಾರ್ಕೊಂಡಮ್ ದ್ವೀಪ.

ಅದರ ವಿಸ್ತೀರ್ಣ ಏಳು ಚದರ ಕಿಲೋಮೀಟರಿಗಿಂತಲೂ ಕಡಿಮೆ. ನಮ್ಮ ಒಂದು ಸಾಧಾರಣ ಪಟ್ಟಣದಷ್ಟೂ ಇಲ್ಲ. ಸಮುದ್ರದ ನಡುವಿನಿಂದ ನೇರವಾಗಿ ಎದ್ದು ನಿಂತ ಬೆಟ್ಟ ಅದು. ಎತ್ತರ ಸುಮಾರು 710 ಮೀಟರ್. ನಿಜವಾಗಿ ಅದೊಂದು ನಿದ್ರಿಸುತ್ತಿರುವ ಜ್ವಾಲಾಮುಖಿ. 'ನರಕಕುಂಡ' ಎಂಬ ಮಾತೇ ಬಾಯಿಂದ ಬಾಯಿಗೆ ಸವೆದು ನಾರ್ಕೊಂಡಮ್ ಆಯಿತು ಎಂದು ಕೆಲವರು ಹೇಳುತ್ತಾರೆ. ಹೆಸರು ಏನೇ ಇರಲಿ, ಇಂದು ಆ ಬೆಟ್ಟದ ಮೇಲೆ ಬೆಂಕಿಯಿಲ್ಲ, ಹೊಗೆಯಿಲ್ಲ. ಬುಡದಿಂದ ತುದಿಯವರೆಗೆ ಹಸಿರು ಕಾಡು. ಪೋರ್ಟ್ ಬ್ಲೇರ್‌ನಿಂದ (2024ರಿಂದ ಅದರ ಹೆಸರು ಶ್ರೀ ವಿಜಯಪುರಂ) ಹಡಗಿನಲ್ಲೇ ಹೋಗಬೇಕು. ಊರಿಲ್ಲ, ಅಂಗಡಿಯಿಲ್ಲ. ಒಂದು ಪೊಲೀಸ್ ಠಾಣೆ ಬಿಟ್ಟರೆ ಜನವಸತಿ ಎಂಬುದೇ ಇಲ್ಲ.

ಈ ತಿಂಗಳು ನಾನು ನಿಮಗೆ ಹೇಳಹೊರಟಿರುವುದು ಆ ಕಾಡಿನ ಒಂದು ಹಕ್ಕಿಯ ಕಥೆ. ಇಡೀ ಭೂಮಿಯ ಮೇಲೆ ಆ ಹಕ್ಕಿ ಇರುವುದು ಆ ಒಂದೇ ದ್ವೀಪದಲ್ಲಿ. ಪಕ್ಕದ ಅಂಡಮಾನ್‌ನಲ್ಲಿ ಇಲ್ಲ, ಬರ್ಮಾದಲ್ಲಿ ಇಲ್ಲ, ಬೇರೆಲ್ಲೂ ಇಲ್ಲ. ಅದರ ಹೆಸರು ನಾರ್ಕೊಂಡಮ್ ಮಂಗಟ್ಟೆ.

ಮಂಗಟ್ಟೆ ಎಂದರೆ ಹಾರ್ನ್‌ಬಿಲ್. ಮಲೆನಾಡಿನಲ್ಲಿ, ಕೊಡಗಿನಲ್ಲಿ, ಘಟ್ಟದ ಬುಡದ ಊರುಗಳಲ್ಲಿ ಇರುವ ಸಹೋದರಿಯರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. ದೊಡ್ಡ ಬಾಗಿದ ಕೊಕ್ಕು, ಕೆಲವು ಜಾತಿಗಳಲ್ಲಿ ಕೊಕ್ಕಿನ ಮೇಲೆ ಟೊಪ್ಪಿ ಇಟ್ಟಂತೆ ಇನ್ನೊಂದು ಉಬ್ಬು. ಹಾರುವಾಗ ರೆಕ್ಕೆಯ ಗರಿಗಳ ನಡುವೆ ಗಾಳಿ ನುಗ್ಗಿ 'ಹುಶ್... ಹುಶ್...' ಎಂದು ದೂರದ ರೈಲಿನಂತೆ ಸದ್ದು ಬರುತ್ತದೆ. ಹಕ್ಕಿಯನ್ನು ನೋಡುವ ಮೊದಲೇ ಸದ್ದು ಕೇಳಿ ತಲೆ ಎತ್ತುವವರೇ ಹೆಚ್ಚು. ನೆರೆಯ ಕೇರಳದ ರಾಜ್ಯಪಕ್ಷಿಯೂ ಇದೇ ಕುಲದ ದೊಡ್ಡ ಮಂಗಟ್ಟೆ. ಮಲಯಾಳಿಗಳು ಅದನ್ನು ಮಳೆಗಾಗಿ ಬಾಯಾರಿ ಕಾಯುವ ಹಕ್ಕಿ ಎಂದು ಹಾಡಿನಲ್ಲೂ ಮಾತಿನಲ್ಲೂ ತರುತ್ತಾರೆ. ವಾಸ್ತವದಲ್ಲಿ ಮಂಗಟ್ಟೆಗೆ ಬೇಕಾದ ನೀರಿನ ಬಹುಪಾಲು ಹಣ್ಣಿನಿಂದಲೇ ಸಿಗುತ್ತದೆ. ಅಂದರೆ ಆ ಬಾಯಾರಿಕೆ ಕವಿಗಳದ್ದು, ಹಕ್ಕಿಯದ್ದಲ್ಲ!

ಇನ್ನೊಂದು ವಿಷಯ. ಹಕ್ಕಿಗಳಿಗೆ ಸಾಮಾನ್ಯವಾಗಿ ರೆಪ್ಪೆಗೂದಲು ಇರುವುದಿಲ್ಲ. ಮಂಗಟ್ಟೆಗೆ ಇದೆ. ಕಾಡಿಗೆ ಹಚ್ಚಿದಂತಹ ಉದ್ದನೆಯ ರೆಪ್ಪೆ. ಅದು ಕೂದಲಲ್ಲ, ರೂಪ ಬದಲಿಸಿದ ಗರಿ ಎನ್ನುತ್ತಾರೆ ಬಲ್ಲವರು.

ನಾರ್ಕೊಂಡಮಿನ ಮಂಗಟ್ಟೆ ತನ್ನ ಬಂಧುಗಳ ಪೈಕಿ ಚಿಕ್ಕದು. ಕೊಕ್ಕಿನ ತುದಿಯಿಂದ ಬಾಲದವರೆಗೆ ಎರಡು ಅಡಿಯ ಆಸುಪಾಸು. ಗಂಡಿನ ತಲೆ ಮತ್ತು ಕುತ್ತಿಗೆ ಇಟ್ಟಿಗೆಯಂತಹ ಕಂದುಗೆಂಪು, ಉಳಿದ ಮೈ ಕಪ್ಪು. ಹೆಣ್ಣು ತಲೆಯಿಂದ ಮೈಯವರೆಗೆ ಪೂರ್ತಿ ಕಪ್ಪು. ಇಬ್ಬರಿಗೂ ಬಾಲ ಬೆಳ್ಳಗೆ, ಗಂಟಲಿನ ಚೀಲ ತಿಳಿನೀಲಿ. ದೂರದಿಂದಲೇ ಯಾರು ಗಂಡು, ಯಾರು ಹೆಣ್ಣು ಎಂದು ಹೇಳಬಹುದು.

ಆದರೆ ಈ ಹಕ್ಕಿಯ ಬಗ್ಗೆ ಬರೆಯಬೇಕೆಂದು ಅನಿಸಿದ್ದು ಅದರ ಬಣ್ಣಕ್ಕಾಗಿ ಅಲ್ಲ. ಅದರ ಬಾಣಂತನಕ್ಕಾಗಿ.

ನಮ್ಮ ಮನೆಗಳಲ್ಲಿ ಹೆರಿಗೆಯಾದ ಹೆಣ್ಣನ್ನು ನಲವತ್ತು ದಿನ ಹೇಗೆ ನೋಡಿಕೊಳ್ಳುತ್ತಾರೆ ಎಂಬುದು ನಿಮಗೆ ಗೊತ್ತು. ಒಂದು ಕೋಣೆ, ಗಾಳಿ ತಾಗದಂತೆ ಮುಚ್ಚಿದ ಕಿಟಕಿ, ಹೊತ್ತು ಹೊತ್ತಿಗೆ ಊಟ. ಮಂಗಟ್ಟೆಯ ಬಾಣಂತನ ಇದಕ್ಕಿಂತ ಬಹಳ ಕಟ್ಟುನಿಟ್ಟಿನದು. ಅಲ್ಲಿ ಕೋಣೆಯ ಬಾಗಿಲನ್ನು ಬಾಣಂತಿಯೇ ಗೋಡೆ ಕಟ್ಟಿ ಮುಚ್ಚಿಕೊಳ್ಳುತ್ತಾಳೆ!

ಫೆಬ್ರವರಿಯ ಹೊತ್ತಿಗೆ ನಾರ್ಕೊಂಡಮಿನಲ್ಲಿ ಜೋಡಿಗಳು ಮನೆ ಹುಡುಕಲು ಶುರು ಮಾಡುತ್ತವೆ. ಮಂಗಟ್ಟೆಗೆ ಕಡ್ಡಿ ಸೇರಿಸಿ ಗೂಡು ಕಟ್ಟಲು ಬರುವುದಿಲ್ಲ. ಮರಕುಟಿಗನ ಹಾಗೆ ಮರ ಕೊರೆಯಲೂ ಬರುವುದಿಲ್ಲ. ಮುದಿ ಮರದಲ್ಲಿ ಕೊಂಬೆ ಮುರಿದ ಕಡೆ ತಾನಾಗಿ ಆದ ಪೊಟರೆಯೇ ಬೇಕು. ಅದೂ ಒಂದು ಹಕ್ಕಿ ಒಳಗೆ ತಿರುಗಿ ಕೂರುವಷ್ಟು ದೊಡ್ಡದಿರಬೇಕು. ಅಂತಹ ಪೊಟರೆ ಆಗಬೇಕಾದರೆ ಮರಕ್ಕೆ ಎಷ್ಟು ವಯಸ್ಸಾಗಿರಬೇಕು, ಎಷ್ಟು ದಪ್ಪ ಇರಬೇಕು, ನೀವೇ ಊಹಿಸಿ. ಇಂದು ಸಸಿ ನೆಟ್ಟು ನಾಳೆ ಪೊಟರೆ ಕೊಡುತ್ತೇವೆ ಎಂದರೆ ಆಗದು. ದೊಡ್ಡ ಮರ ಹೋದರೆ ಮನೆ ಹೋಯಿತು.

ಪೊಟರೆ ಒಪ್ಪಿಗೆಯಾದ ಮೇಲೆ ಹೆಣ್ಣು ಒಳಗೆ ಹೋಗುತ್ತದೆ. ಆಮೇಲೆ ಬಾಗಿಲು ಮುಚ್ಚುವ ಕೆಲಸ. ತನ್ನದೇ ಹಿಕ್ಕೆ, ಹಣ್ಣಿನ ತಿರುಳು, ಮರದ ಪುಡಿ ಎಲ್ಲವನ್ನೂ ಕಲಸಿ ಕೊಕ್ಕಿನ ಬದಿಯಿಂದ ತಟ್ಟಿ ತಟ್ಟಿ ಒಳಗಿನಿಂದಲೇ ಗಾರೆ ಹಾಕುತ್ತದೆ. ಒಣಗಿದ ಮೇಲೆ ಅದು ಸಿಮೆಂಟಿನಂತೆ ಗಟ್ಟಿ. ಕೊನೆಗೆ ಉಳಿಯುವುದು ಒಂದು ಉದ್ದನೆಯ ಸೀಳು ಮಾತ್ರ. ಗಂಡಿನ ಕೊಕ್ಕಿನ ತುದಿ ಹೋಗುವಷ್ಟು, ಶತ್ರುವಿನ ತಲೆ ಹೋಗದಷ್ಟು.

ಒಳಗೆ ಕುಳಿತ ಹೆಣ್ಣು ಇನ್ನೂ ಒಂದು ಕೆಲಸ ಮಾಡುತ್ತದೆ. ಹಾರಲು ಬೇಕಾದ ರೆಕ್ಕೆಯ ಗರಿಗಳನ್ನೂ ಬಾಲದ ಗರಿಗಳನ್ನೂ ಒಟ್ಟಿಗೇ ಉದುರಿಸಿಬಿಡುತ್ತದೆ. ಹೊಸ ಗರಿ ಬೆಳೆಯಲು ಅದಕ್ಕೆ ವರ್ಷದಲ್ಲಿ ಸಿಗುವ ಬಿಡುವು ಇದೇ. ಹೇಗೂ ಹೊರಗೆ ಹೋಗುವಂತಿಲ್ಲ, ಹಳೆಯ ಗರಿ ಯಾಕೆ ಎಂದು ತೆಗೆದಿಟ್ಟಂತೆ! ಇಕ್ಕಟ್ಟಿನ ಜಾಗದಲ್ಲಿ ಸ್ವಲ್ಪ ಸ್ಥಳವೂ ಆಗುತ್ತದೆ. ಆದರೆ ಇದರ ಅರ್ಥ ಏನೆಂದು ಯೋಚಿಸಿ. ಈಗ ಯಾರಾದರೂ ಬಾಗಿಲು ಒಡೆದರೂ ಅದಕ್ಕೆ ಹಾರಿ ಹೋಗಲು ಆಗದು.

ಮೊಟ್ಟೆ ಸಾಮಾನ್ಯವಾಗಿ ಎರಡು. ದೊಡ್ಡ ಮಂಗಟ್ಟೆಯಲ್ಲಿ ಮೊಟ್ಟೆ ಒಡೆದು ಮರಿ ಬರಲು ಸುಮಾರು ನಲವತ್ತು ದಿನ. ನಲವತ್ತು ಎಂಬ ಸಂಖ್ಯೆ ಇಲ್ಲಿಯೂ ಬಂದದ್ದು ಆಕಸ್ಮಿಕವೇ ಇರಲಿ, ಓದಿದಾಗ ನನಗೆ ನಗು ಬಂತು. ದೊಡ್ಡ ಮಂಗಟ್ಟೆಯ ತಾಯಿ ಮರಿಗಳು ಸ್ವಲ್ಪ ದೊಡ್ಡವಾದ ಮೇಲೆ ಗೋಡೆ ಒಡೆದು ಹೊರಗೆ ಬರುತ್ತದೆ. ಆಗ ಆ ಪುಟ್ಟ ಮರಿಗಳು, ಯಾರೂ ಕಲಿಸದೆಯೇ, ಬಾಗಿಲನ್ನು ತಾವೇ ಮತ್ತೆ ಮುಚ್ಚಿಕೊಳ್ಳುತ್ತವೆ. ಬಳಿಕ ಅಪ್ಪ ಅಮ್ಮ ಇಬ್ಬರೂ ಉಣಿಸುತ್ತಾರೆ. ನಾರ್ಕೊಂಡಮಿನ ಮಂಗಟ್ಟೆ ಸೇರಿದ ಇನ್ನೊಂದು ಬಳಗದಲ್ಲಿ ತಾಯಿ ಸಾಧಾರಣವಾಗಿ ಮರಿಗಳ ಜೊತೆಯೇ ಕೊನೆಯವರೆಗೆ ಒಳಗಿರುತ್ತದೆ. ಫೆಬ್ರವರಿಯಲ್ಲಿ ಒಳಗೆ ಹೋದದ್ದು ಹೊರಗಿನ ಬೆಳಕಿಗೆ ಬರುವಾಗ ಬೇಸಿಗೆ ಮುಗಿಯುತ್ತಾ ಬಂದಿರುತ್ತದೆ.

ಅಷ್ಟು ದಿನ ಒಂದು ಪೊಟರೆಯೊಳಗೆ ತಾಯಿ, ಮಕ್ಕಳು, ತಿಂದದ್ದು, ಉಂಡದ್ದು ಎಲ್ಲ ಒಟ್ಟಿಗೆ ಇದ್ದರೆ ಗಲೀಜು ಎಷ್ಟಾಗಬೇಡ ಎಂದು ನೀವು ಕೇಳಬಹುದು. ಮನೆವಾರ್ತೆ ನೋಡುವವರಿಗೆ ಈ ಪ್ರಶ್ನೆಯೇ ಮೊದಲು ಬರುವುದು. ಮಂಗಟ್ಟೆಯ ಮನೆ ಶುಚಿಯಾಗಿಯೇ ಇರುತ್ತದೆ. ತಾಯಿ ಸೀಳಿನ ಕಡೆಗೆ ಬೆನ್ನು ತಿರುಗಿಸಿ ಹಿಕ್ಕೆಯನ್ನು ರಭಸದಿಂದ ಹೊರಗೆ ಹಾರಿಸುತ್ತದೆ. ಹಣ್ಣಿನ ಬೀಜ, ಸಿಪ್ಪೆಗಳನ್ನು ಕೊಕ್ಕಿನಿಂದ ಎತ್ತಿ ಹೊರಗೆ ಎಸೆಯುತ್ತದೆ. ಮರಿಗಳೂ ಬೇಗನೆ ಇದನ್ನು ಕಲಿಯುತ್ತವೆ. ಗೂಡಿರುವ ಮರದ ಬುಡದಲ್ಲಿ ರಾಶಿ ಬೀಜ ಬಿದ್ದಿರುವುದನ್ನು ನೋಡಿಯೇ ಸಂಶೋಧಕರು ಮೇಲೆ ಗೂಡಿದೆ ಎಂದು ತಿಳಿಯುತ್ತಾರೆ.

ಈಗ ಗಂಡಿನ ವಿಷಯಕ್ಕೆ ಬರೋಣ. ಬಾಗಿಲು ಮುಚ್ಚಿದ ದಿನದಿಂದ ಇಡೀ ಸಂಸಾರದ ಹೊಟ್ಟೆ ಅದರ ಮೇಲೆ. ಬೆಳಗಾದರೆ ಕಾಡಿಗೆ ಹೋಗಿ ಅತ್ತಿ, ಆಲ, ಗೋಳಿಯಂತಹ ಹಣ್ಣುಗಳನ್ನು ನುಂಗಿ ಗಂಟಲಿನಲ್ಲಿ ತುಂಬಿಕೊಂಡು ಬರುತ್ತದೆ. ಗೂಡಿನ ಬಾಯಿಯಲ್ಲಿ ತೊಗಟೆಯನ್ನು ಉಗುರಿನಿಂದ ಹಿಡಿದು ನೇತು ನಿಂತು, ತಲೆ ಹಿಂದಕ್ಕೆ ಎಸೆದು, ಒಂದೊಂದೇ ಹಣ್ಣನ್ನು ಗಂಟಲಿನಿಂದ ಕೊಕ್ಕಿನ ತುದಿಗೆ ತಂದು ಸೀಳಿನ ಮೂಲಕ ಒಳಗೆ ಕೊಡುತ್ತದೆ. ಒಂದು, ಎರಡು, ಮೂರು... ಹೀಗೆ ಹತ್ತಾರು ಹಣ್ಣು. ಚೀಲ ಖಾಲಿಯಾದ ಮೇಲೆ ಮತ್ತೆ ಕಾಡಿಗೆ. ದಿನಕ್ಕೆ ಹಲವು ಬಾರಿ, ತಿಂಗಳುಗಟ್ಟಲೆ. ಮರಿಗಳು ಹುಟ್ಟಿದ ಮೇಲೆ ಹಣ್ಣು ಮಾತ್ರ ಸಾಲದು, ಹುಳು ಹುಪ್ಪಟೆಗಳನ್ನೂ ಹುಡುಕಿ ತರಬೇಕು.

ಇಲ್ಲಿಯೇ ಈ ಹಕ್ಕಿಯ ಬದುಕಿನ ಎಲ್ಲಕ್ಕಿಂತ ಎಳೆಯ ದಾರ ಇರುವುದು. ಒಂದು ಬೆಳಿಗ್ಗೆ ಹೊರಟ ಗಂಡು ಮರಳಿ ಬರದಿದ್ದರೆ? ಯಾರೋ ಬೇಟೆಗಾರ ಹಣ್ಣಿನ ಮರದ ಬುಡದಲ್ಲಿ ಕುಳಿತು ಒಂದು ಗುಂಡು ಹಾರಿಸಿದರೆ ಅವನ ಲೆಕ್ಕದಲ್ಲಿ ಸತ್ತದ್ದು ಒಂದು ಹಕ್ಕಿ. ಕಾಡಿನ ಲೆಕ್ಕ ಬೇರೆ. ಗೋಡೆಯ ಒಳಗೆ ಗರಿ ಇಲ್ಲದ ತಾಯಿ ಸೀಳಿನಲ್ಲಿ ಕೊಕ್ಕಿಟ್ಟು ಕಾಯುತ್ತಿರುತ್ತದೆ. ಮರಿಗಳು ಕೂಗುತ್ತಿರುತ್ತವೆ. ಗೋಡೆ ಒಡೆದು ಹೊರಬಿದ್ದರೂ ಹಾರಲಾಗದ ಹಕ್ಕಿ ನೆಲದ ಮೇಲೆ ಎಷ್ಟು ದಿನ ಬದುಕೀತು? ಹೆಚ್ಚಿನ ಸಲ ಒಂದು ಗುಂಡಿಗೆ ಒಂದು ಸಂಸಾರವೇ ಹೋಗುತ್ತದೆ.

ಇಂತಹ ಲೇಖನಗಳಲ್ಲಿ ಸಾಧಾರಣವಾಗಿ 'ನೋಡಿ, ಹಕ್ಕಿಯ ಗಂಡನಿಂದ ನಮ್ಮ ಗಂಡಸರು ಕಲಿಯಲಿ', 'ಹಕ್ಕಿಯ ಹೆಣ್ಣಿನಿಂದ ನಮ್ಮ ಹೆಣ್ಣುಮಕ್ಕಳು ಕಲಿಯಲಿ' ಎಂದು ಬರೆಯುವುದುಂಟು. ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ. ಹಕ್ಕಿ ಹಕ್ಕಿಯ ಹಾಗೆ ಬದುಕುತ್ತದೆ. ನಮಗೆ ಪಾಠ ಹೇಳಲು ಅದು ಪೊಟರೆ ಸೇರಿಲ್ಲ. ಅದನ್ನು ಅದರಷ್ಟಕ್ಕೆ ತಿಳಿದುಕೊಂಡರೆ ಸಾಕು.

ನಾರ್ಕೊಂಡಮಿನ ಕಾಡಿಗೂ ಈ ಹಕ್ಕಿಗೂ ಇರುವ ನಂಟನ್ನು ಸ್ವಲ್ಪ ನೋಡೋಣ. ಅತ್ತಿಯ ಜಾತಿಯ ಮರಗಳು ಅಲ್ಲಿ ಬಹಳ. ಮಾವಿನ ಮರದ ಹಾಗೆ ಇವು ಎಲ್ಲವೂ ಒಂದೇ ಕಾಲಕ್ಕೆ ಹಣ್ಣು ಬಿಡುವುದಿಲ್ಲ. ಈ ಮರ ಇಂದು, ಆ ಮರ ಮುಂದಿನ ತಿಂಗಳು. ಅತ್ತಿಯ ಹೂವು ಕಾಯಿಯ ಒಳಗೇ ಅಡಗಿರುತ್ತದೆ. ಅದರೊಳಗೆ ನುಗ್ಗಿ ಪರಾಗ ತಲುಪಿಸುವುದು ಕಣ್ಣಿಗೆ ಕಾಣದಷ್ಟು ಸಣ್ಣ ಕಣಜ. ಆ ಕಣಜದ ಆಯುಷ್ಯ ಬಹಳ ಕಡಿಮೆಯಾದ್ದರಿಂದ ವರ್ಷದ ಯಾವ ದಿನ ನೋಡಿದರೂ ಕಾಡಿನ ಎಲ್ಲೋ ಒಂದು ಕಡೆ ಅದಕ್ಕೆ ಎಳೆಗಾಯಿ ಇರಲೇಬೇಕು. ಇದರಿಂದ ಮಂಗಟ್ಟೆಗೂ ವರ್ಷವಿಡೀ ಊಟ. ತಿಂದ ಹಣ್ಣಿನ ಸಣ್ಣ ಬೀಜಗಳು ಹಿಕ್ಕೆಯಲ್ಲಿ, ದೊಡ್ಡ ಬೀಜಗಳು ವಾಂತಿಯಲ್ಲಿ, ತಾಯಿಮರದಿಂದ ದೂರ ಬೀಳುತ್ತವೆ. ಆ ದ್ವೀಪದಲ್ಲಿ ಹಣ್ಣು ತಿಂದು ಬೀಜ ಹಂಚುವ ಮಂಗಗಳಿಲ್ಲ. ಆ ಕೆಲಸದ ದೊಡ್ಡ ಪಾಲು ಮಂಗಟ್ಟೆ ಮತ್ತು ಕಾಡುಪಾರಿವಾಳಗಳದ್ದು. ಮರ ಹಕ್ಕಿಗೆ ಮನೆ ಕೊಡುತ್ತದೆ, ಹಕ್ಕಿ ಮರಕ್ಕೆ ಮುಂದಿನ ತಲೆಮಾರು ಕೊಡುತ್ತದೆ. ಎರಡರಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಲು ಸಾಧ್ಯವೇ ಇಲ್ಲ.

ಈ ಹಕ್ಕಿಯನ್ನು ಜಗತ್ತಿಗೆ ಪರಿಚಯಿಸಿದವರು ಅಲನ್ ಆಕ್ಟೇವಿಯನ್ ಹ್ಯೂಮ್, 1873ರಲ್ಲಿ. ಹೆಸರು ಎಲ್ಲೋ ಕೇಳಿದ ಹಾಗಿದೆಯಲ್ಲವೇ? ಹೌದು, 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಕಾರಣರಾದವರು ಎಂದು ಮಕ್ಕಳ ಸಮಾಜ ಪಾಠದಲ್ಲಿ ಬರುವ ಅದೇ ಹ್ಯೂಮ್. ಅವರಿಗೆ ಹಕ್ಕಿಗಳ ಹುಚ್ಚು ಎಂಬುದನ್ನು ಪಾಠಪುಸ್ತಕ ಹೇಳುವುದಿಲ್ಲ.

ಹ್ಯೂಮ್ ನಂತರ ಸುಮಾರು ನೂರು ವರ್ಷ ಈ ಹಕ್ಕಿಯ ಬದುಕನ್ನು ಕುಳಿತು ನೋಡಿದವರು ಯಾರೂ ಇರಲಿಲ್ಲ ಎಂದೇ ಹೇಳಬಹುದು. ಆ ಕೆಲಸ ಮಾಡಿದವರು ನಮ್ಮ ಕಾರ್ಕಳದ ಮಗ ಎಂದರೆ ನಿಮಗೆ ಸಂತೋಷವಾಗಬಹುದು. ಎಸ್. ಎ. ಹುಸೈನ್, ಪೂರ್ತಿ ಹೆಸರು ಸೈಯದ್ ಅಬ್ದುಲ್ಲಾ ಹುಸೈನ್. ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯಲ್ಲಿ ಡಾ. ಸಲೀಂ ಅಲಿಯವರ ಜೊತೆ ಕೆಲಸ ಮಾಡಿದವರು. ಎಪ್ಪತ್ತರ ದಶಕದಲ್ಲಿ ನಾರ್ಕೊಂಡಮಿಗೆ ಹೋಗಿ, ಅಲ್ಲಿಯೇ ಬಿಡಾರ ಮಾಡಿ, ಮಂಗಟ್ಟೆಗಳ ಗೂಡು, ಆಹಾರ, ನಡವಳಿಕೆಗಳನ್ನು ಗಮನಿಸಿದರು. ಅವರ ವಿವರವಾದ ಬರಹ 1984ರಲ್ಲಿ ಸೊಸೈಟಿಯ ನಿಯತಕಾಲಿಕೆಯಲ್ಲಿ ಬಂತು. ಇಂದಿಗೂ ಈ ಹಕ್ಕಿಯ ಬಗ್ಗೆ ಬರೆಯುವವರೆಲ್ಲ ಮೊದಲು ಓದಬೇಕಾದದ್ದು ಅದನ್ನೇ. ಹುಸೈನ್ 2009ರಲ್ಲಿ ತೀರಿಕೊಂಡರು. ಕರಾವಳಿಯವರಿಗೇ ಅವರ ಹೆಸರು ಸರಿಯಾಗಿ ಗೊತ್ತಿಲ್ಲ ಎಂಬುದು ಬೇಸರದ ವಿಷಯ.

ಸಲೀಂ ಅಲಿಯವರ ಬಗ್ಗೆ ಹೇಳತೊಡಗಿದರೆ ಅದೇ ಒಂದು ಲೇಖನವಾದೀತು. ಎಳೆಯ ವಯಸ್ಸಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಮನೆಯಲ್ಲಿ ಬೆಳೆದ ಹುಡುಗ, ಹಳದಿ ಕೊರಳಿನ ಒಂದು ಗುಬ್ಬಿಯಿಂದಾಗಿ ಹಕ್ಕಿಗಳ ಲೋಕಕ್ಕೆ ಬಂದದ್ದು, 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದ್ದು... ಅದನ್ನು ಇನ್ನೊಂದು ತಿಂಗಳಿಗೆ ಇಟ್ಟುಕೊಳ್ಳೋಣ.

ನಾರ್ಕೊಂಡಮಿಗೆ ಅಪಾಯ ಬಂದದ್ದು ಹೇಗೆ? ಮರ ಕಡಿಯುವ ಕಂಪನಿಯಿಂದಲ್ಲ, ಕಾರ್ಖಾನೆಯಿಂದಲೂ ಅಲ್ಲ. ಅರವತ್ತರ ದಶಕದ ಕೊನೆಯಲ್ಲಿ ಅಲ್ಲಿ ಒಂದು ಪೊಲೀಸ್ ಠಾಣೆ ಬಂತು. ದ್ವೀಪ ತಮ್ಮದೆಂದು ಬರ್ಮಾದವರು ಆಗ ಹೇಳುತ್ತಿದ್ದುದರಿಂದ (1986ರಲ್ಲಿ ಆ ತಕರಾರು ಮುಗಿಯಿತು) ಅಲ್ಲಿ ನಮ್ಮವರು ಇರುವುದು ಅಗತ್ಯವಾಗಿತ್ತು. ಹತ್ತಿಪ್ಪತ್ತು ಮಂದಿ ಪೊಲೀಸರು. ಹೆಂಡತಿ ಮಕ್ಕಳಿಂದ ದೂರ, ಸುತ್ತ ಸಮುದ್ರ, ದೋಣಿ ಬಂದಾಗ ಮಾತ್ರ ಅಕ್ಕಿ ತರಕಾರಿ. ಆ ಬದುಕೂ ಸುಲಭದ್ದಲ್ಲ. ಅವರನ್ನು ದೂರುವ ಮೊದಲು ಅದನ್ನೂ ನೆನೆಯಬೇಕು. ಅಡುಗೆಗೆ ಸೌದೆ ಬೇಕು, ಕಡಿದರು. ತೆಂಗು ಬಾಳೆ ಹಾಕಲು ಕಡಲ ಬದಿಯ ಒಂದಿಷ್ಟು ಕಾಡು ತೆಗೆದರು. ಮಾಂಸದ ಆಸೆಗೆ ಕೆಲವೊಮ್ಮೆ ಹಕ್ಕಿಗಳನ್ನೂ ಹೊಡೆದರು. ಎಪ್ಪತ್ತರ ದಶಕದಲ್ಲಿ ಕೆಲವು ಆಡುಗಳನ್ನು ತಂದು ಬಿಟ್ಟರು.

ಆಡು ಸಾಕಿದವರಿಗೆ ಮುಂದಿನದು ಹೇಳದೆಯೇ ಗೊತ್ತು. ಬೇಲಿಯಿಲ್ಲ, ಹಿಡಿಯುವ ಚಿರತೆಯಿಲ್ಲ, ತಿನ್ನಲು ಬೇಕಾದಷ್ಟು ಚಿಗುರು. ಕೆಲವಿದ್ದದ್ದು ನೂರಾರು ಆಯಿತು. ಆಡು ದೊಡ್ಡ ಮರವನ್ನು ಕಡಿಯುವುದಿಲ್ಲ. ಆದ್ದರಿಂದ ಹೊರಗಿನಿಂದ ನೋಡಿದರೆ ಕಾಡು ಹಾಗೆಯೇ ಇದೆ ಎಂದು ಕಾಣುತ್ತದೆ. ಆದರೆ ನೆಲದಲ್ಲಿ ಒಂದು ಸಸಿಯೂ ಮೇಲೇಳುವುದಿಲ್ಲ. ಮುದುಕರು ಮಾತ್ರ ಇದ್ದು ಮಕ್ಕಳೇ ಇಲ್ಲದ ಊರಿನ ಹಾಗೆ! ಇಂದಿನ ಮುದಿ ಮರಗಳು ಬಿದ್ದ ದಿನ ಪೊಟರೆಯೂ ಇಲ್ಲ, ಹಣ್ಣೂ ಇಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಅಲ್ಲಿ ಅಧ್ಯಯನ ಮಾಡಿದ ಪಕ್ಷಿವಿಜ್ಞಾನಿ ರವಿ ಶಂಕರನ್ ಈ ಅಪಾಯವನ್ನು ಸ್ಪಷ್ಟವಾಗಿ ಬರೆದು, ಆಡುಗಳನ್ನು ತೆಗೆಯಲೇಬೇಕು ಎಂದರು. ನಂತರದ ವರ್ಷಗಳಲ್ಲಿ ಆಡುಗಳನ್ನು ದ್ವೀಪದಿಂದ ತೆಗೆಯಲಾಯಿತು. ಅಷ್ಟು ದೊಡ್ಡ ತೊಂದರೆಗೆ ಅಷ್ಟು ಸರಳವಾದ ಪರಿಹಾರ ಸಿಗುವುದು ಅಪರೂಪ.

2012ರಲ್ಲಿ ಇನ್ನೊಂದು ವಿವಾದ ಎದ್ದಿತು. ಕರಾವಳಿ ರಕ್ಷಣಾ ಪಡೆಗೆ ದ್ವೀಪದಲ್ಲಿ ಒಂದು ರಾಡಾರ್ ಬೇಕಿತ್ತು. ಅದಕ್ಕೆ ಡೀಸೆಲ್ ಜನರೇಟರ್, ರಸ್ತೆ, ಇನ್ನಷ್ಟು ಜನ. ಸ್ಥಳ ನೋಡಿ ವರದಿ ಕೊಡಲು ಹೋದವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಅಂದಿನ ನಿರ್ದೇಶಕ ಡಾ. ಅಸದ್ ರಹ್ಮಾನಿ. ಬೇಡ ಎಂದು ಅವರು ಬರೆದರು. ಅದೇ ವರ್ಷ ಕೇಂದ್ರದ ಪರಿಸರ ಸಚಿವಾಲಯ ಪ್ರಸ್ತಾಪವನ್ನು ತಳ್ಳಿಹಾಕಿತು. 2014ರಲ್ಲಿ ಹೊಸ ಸರಕಾರ ಬಂದ ಮೇಲೆ ಅನುಮತಿ ಕೊಡಲಾಯಿತು. ದೇಶದ ಗಡಿಯ ಕಾವಲು ಸಣ್ಣ ವಿಷಯವೆಂದು ಯಾರೂ ಹೇಳಲಾರರು. ಬೇಕಾದ ಭೂಮಿಯೂ ಹೆಚ್ಚಿರಲಿಲ್ಲ. ಆದರೂ ನನ್ನ ಅಭಿಪ್ರಾಯ ರಹ್ಮಾನಿಯವರ ಕಡೆಗೇ. ಅಷ್ಟು ಸಣ್ಣ ದ್ವೀಪದಲ್ಲಿ ರಸ್ತೆ ಎಂದರೆ ರಸ್ತೆಯಷ್ಟೇ ಅಲ್ಲ. ಅದರ ಹಿಂದೆ ಸಾಮಾನು, ಸಾಮಾನಿನ ಜೊತೆ ಇಲಿ, ಇಲಿಯ ಹಿಂದೆ ಬೆಕ್ಕು ಬರುತ್ತವೆ. ಜಗತ್ತಿನ ಎಷ್ಟೋ ದ್ವೀಪಗಳಲ್ಲಿ ಹಕ್ಕಿಗಳು ಅಳಿದದ್ದು ಹೀಗೆಯೇ. ಮಾರಿಷಸ್‌ನ ಡೋಡೊ ಹಕ್ಕಿಯ ಮೊಟ್ಟೆ ಮರಿಗಳನ್ನು ಮುಗಿಸಿದ್ದರಲ್ಲಿ ನಾವಿಕರ ಕೋವಿಗಿಂತ ಹಡಗಿನಿಂದ ಇಳಿದ ಹಂದಿ, ಇಲಿ, ಮಂಗಗಳ ಪಾಲು ದೊಡ್ಡದು.

ಈ ಹಕ್ಕಿಗಳು ಎಷ್ಟಿವೆ? ಹಿಂದಿನ ಅಂದಾಜುಗಳೆಲ್ಲ ಮುನ್ನೂರು ನಾನೂರರ ಆಸುಪಾಸಿನಲ್ಲಿದ್ದವು. 2019ರ ಕೊನೆಯಿಂದ 2020ರ ಆರಂಭದವರೆಗೆ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ರೋಹಿತ್ ನಾನಿವಡೇಕರ್ ಮತ್ತು ಸಂಗಡಿಗರು ಅಲ್ಲಿ ಉಳಿದು ಲೆಕ್ಕ ಹಾಕಿದಾಗ ಸುಮಾರು 1,026 ಎಂಬ ಅಂದಾಜು ಸಿಕ್ಕಿತು. ಚದರ ಕಿಲೋಮೀಟರಿಗೆ 151 ಹಕ್ಕಿ! ಮಂಗಟ್ಟೆಗಳು ಇಷ್ಟು ದಟ್ಟವಾಗಿ ಇರುವುದು ಜಗತ್ತಿನ ಬೇರೆ ಯಾವ ಕಾಡಿನಲ್ಲೂ ದಾಖಲಾಗಿಲ್ಲ. ಎಣಿಸುವ ವಿಧಾನ ಬೇರೆ ಬೇರೆಯಾದ್ದರಿಂದ ಹಕ್ಕಿ ಎರಡೂವರೆ ಪಟ್ಟು ಹೆಚ್ಚಾಯಿತು ಎಂದು ನೇರವಾಗಿ ಹೇಳಲಾಗದು. ಆದರೆ ಕಾಡು ಚೆನ್ನಾಗಿದೆ, ಹಣ್ಣು ಧಾರಾಳವಾಗಿದೆ, ಹಕ್ಕಿ ಸುಖವಾಗಿದೆ ಎಂಬುದು ಸತ್ಯ.

ಹಾಗಿದ್ದರೆ ಚಿಂತೆ ಯಾಕೆ? ಇಡೀ ಮನೆಯ ಒಡವೆಯನ್ನು ಒಂದೇ ಪೆಟ್ಟಿಗೆಯಲ್ಲಿಟ್ಟ ಹಾಗೆ ಇದು. ಸಾವಿರ ಹಕ್ಕಿ ಎಂಬುದು ದೊಡ್ಡ ಸಂಖ್ಯೆಯಂತೆ ಕಂಡರೂ ಎಲ್ಲವೂ ಒಂದೇ ಬೆಟ್ಟದ ಮೇಲಿವೆ. ಒಂದು ದೊಡ್ಡ ಚಂಡಮಾರುತ, ಒಂದು ರೋಗ, ಒಂದು ಕಾಡ್ಗಿಚ್ಚು ಸಾಕು. ಜ್ವಾಲಾಮುಖಿ ನಿದ್ರಿಸುತ್ತಿದೆ ಎಂದೆ. ಅಲ್ಲಿಂದ ನೂರು ಕಿಲೋಮೀಟರಿಗೂ ಹೆಚ್ಚು ದಕ್ಷಿಣದಲ್ಲಿರುವ ಬ್ಯಾರನ್ ದ್ವೀಪದ ಜ್ವಾಲಾಮುಖಿಯೂ ಹೀಗೆಯೇ ನೂರಕ್ಕೂ ಹೆಚ್ಚು ವರ್ಷ ಮಲಗಿತ್ತು. 1991ರಲ್ಲಿ ಎದ್ದು ಬೆಂಕಿ ಉಗುಳಿತು. ಜ್ವಾಲಾಮುಖಿಯನ್ನು ನಮ್ಮಿಂದ ತಡೆಯಲಾಗದು. ಮನುಷ್ಯರಿಂದ ಬರುವುದನ್ನು ಮಾತ್ರ ತಡೆಯಬಹುದು. ದ್ವೀಪ 1977ರಿಂದ ವನ್ಯಜೀವಿ ಧಾಮ. ಮಂಗಟ್ಟೆಗೆ ಕಾನೂನಿನ ಮೊದಲ ಪಟ್ಟಿಯ ರಕ್ಷಣೆ ಇದೆ. ಅನುಮತಿಯಿಲ್ಲದೆ ಯಾರೂ ಅಲ್ಲಿ ಕಾಲಿಡುವಂತಿಲ್ಲ.

ಆದರೆ ಕಾನೂನು ಒಂದೇ ಎಲ್ಲವನ್ನೂ ಮಾಡುವುದಿಲ್ಲ. ಮಂಗಟ್ಟೆಗಳ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಥಾಯ್ಲೆಂಡಿನದು. ಅಲ್ಲಿಯ ಮಹಿಡೋಲ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಪಿಲಾಯ್ ಪೂನ್ಸ್ವಾಡ್ ಎಂಬ ಮಹಿಳೆ 1978ರಿಂದ ಮಂಗಟ್ಟೆಗಳ ಹಿಂದೆ ಬಿದ್ದವರು. ದಕ್ಷಿಣ ಥಾಯ್ಲೆಂಡಿನ ಬುಡೊ ಬೆಟ್ಟದ ಸುತ್ತ ಮಲಯ ಮುಸ್ಲಿಮರ ಹಳ್ಳಿಗಳಿವೆ. ಬಡವರು. ಮಂಗಟ್ಟೆಯ ಗೂಡಿಗೆ ಹತ್ತಿ ಮರಿ ಕದ್ದು ಮಾರಿದರೆ ಒಂದಷ್ಟು ದುಡ್ಡು. ಪಿಲಾಯ್ ಪೊಲೀಸರನ್ನು ಕರೆದುಕೊಂಡು ಹೋಗಲಿಲ್ಲ. ತಾವೇ ಹಳ್ಳಿಗೆ ಹೋಗಿ ಕುಳಿತು ಮಾತನಾಡಿದರು. ಯಾವ ಮರದಲ್ಲಿ ಗೂಡಿದೆ ಎಂದು ಗೂಡು ಕದಿಯುವವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರನ್ನೇ ಕಾವಲಿಗೆ ನೇಮಿಸಿದರು. ಪಟ್ಟಣದ ಜನ ಒಂದೊಂದು ಗೂಡನ್ನು 'ದತ್ತು' ತೆಗೆದುಕೊಂಡು ಹಣ ಕಳಿಸುವ ಏರ್ಪಾಡಾಯಿತು. ಆ ಹಣದಲ್ಲಿ ಹಳ್ಳಿಗರಿಗೆ ಸಂಬಳ. ಮರಿ ಕದಿಯಲು ಮರ ಹತ್ತುತ್ತಿದ್ದವರು ಮುರಿದ ಪೊಟರೆ ರಿಪೇರಿ ಮಾಡಲು ಹತ್ತತೊಡಗಿದರು. ಪಿಲಾಯ್ ಅವರನ್ನು 'ಮಂಗಟ್ಟೆಗಳ ಮಹಾತಾಯಿ' ಎಂದೇ ಜನ ಕರೆಯುತ್ತಾರೆ.

ನಮ್ಮ ದೇಶದಲ್ಲೂ ಒಬ್ಬ ಮಹಿಳೆ ಇದೇ ದಾರಿಯಲ್ಲಿ ನಡೆದಿದ್ದಾರೆ. ಅಪರಾಜಿತಾ ದತ್ತಾ, ಅರುಣಾಚಲ ಪ್ರದೇಶದ ಪಕ್ಕೆ ಕಾಡಿನಲ್ಲಿ. ಅಲ್ಲಿಯ ನಿಶಿ ಬುಡಕಟ್ಟಿನ ಗಂಡಸರು ಮಂಗಟ್ಟೆಯ ಕೊಕ್ಕನ್ನು ತಲೆಯ ಟೊಪ್ಪಿಗೆ ಸಿಕ್ಕಿಸಿಕೊಳ್ಳುವ ಪದ್ಧತಿ ಇತ್ತು. ಈಗ ಫೈಬರ್ ಗ್ಲಾಸಿನ ಕೊಕ್ಕು ಬಂದಿದೆ. 2011-12ರಿಂದ ನಿಶಿ ಹಳ್ಳಿಗರೇ ಗೂಡುಗಳ ಕಾವಲುಗಾರರು.

ನಾರ್ಕೊಂಡಮಿಗೆ ನಾನೂ ಹೋಗಿಲ್ಲ, ನೀವೂ ಹೋಗುವ ಸಂಭವ ಕಡಿಮೆ. ಹೋಗದಿರುವುದೇ ಆ ಹಕ್ಕಿಗೆ ಒಳ್ಳೆಯದು. ಆದರೆ ಅದರ ಬಂಧುಗಳು ನಮ್ಮಲ್ಲೇ ಇದ್ದಾರೆ. ದಾಂಡೇಲಿಯ ಕಾಡಿನಲ್ಲಿ 2011ರಿಂದ ಮಂಗಟ್ಟೆಗಳಿಗೆಂದೇ ಒಂದು ಸಂರಕ್ಷಿತ ಪ್ರದೇಶವಿದೆ. ಕೊಡಗು, ಆಗುಂಬೆ, ಚಾರ್ಮಾಡಿಯ ಕಡೆಯವರು ತೋಟದಲ್ಲಿ ಯಾರೋ ಕೇಕೆ ಹಾಕಿ ನಕ್ಕಂತೆ ಕೇಳಿದರೆ ಹೆದರಬೇಡಿ, ಅದು ಮಲಬಾರ್ ಬೂದು ಮಂಗಟ್ಟೆ. ಬಯಲುಸೀಮೆಯ ಊರುಗಳ ಹಳೆಯ ಆಲದ ಮರಗಳಲ್ಲಿ ಇನ್ನೊಂದು ಬೂದು ಮಂಗಟ್ಟೆ ಇದೆ.

ತೋಟದ ಬದಿಯಲ್ಲಿ, ಮಸೀದಿಯ ಅಂಗಳದಲ್ಲಿ, ಶಾಲೆಯ ಹಿಂದೆ ಹಳೆಯ ಗೋಳಿಮರವೋ ಅತ್ತಿಮರವೋ ಇದ್ದರೆ, 'ಕಸ ಬೀಳುತ್ತದೆ, ಕಡಿಸಿಬಿಡೋಣ' ಎಂದು ಗಂಡಸರು ಹೊರಟಾಗ ಒಮ್ಮೆ ತಡೆದು ಮಾತನಾಡಿ ನೋಡಿ. ಕಸ ಗುಡಿಸುವವರು ಹೇಗೂ ನಾವೇ ತಾನೇ! ಪೊಟರೆ ಇರುವ ಮರವಾದರೆ ಇನ್ನೂ ಗಟ್ಟಿಯಾಗಿ ಹೇಳಿ. ಬೇಸಿಗೆಯಲ್ಲಿ ಯಾವುದಾದರೂ ಮರದ ಬುಡದಲ್ಲಿ ಬೀಜಗಳ ರಾಶಿ ಕಂಡು, ಮೇಲೆ ಗಾರೆ ಹಾಕಿದ ಸೀಳೊಂದು ಕಂಡರೆ, ಮಕ್ಕಳಿಗೆ ದೂರದಿಂದ ತೋರಿಸಿ. ಮೊಬೈಲ್ ಹಿಡಿದು ಬುಡದಲ್ಲಿ ನಿಲ್ಲಬೇಡಿ. ಜನರಿದ್ದರೆ ಗಂಡು ಹತ್ತಿರ ಬರುವುದಿಲ್ಲ. ಗಂಟಲು ತುಂಬ ಹಣ್ಣು ಇಟ್ಟುಕೊಂಡು ದೂರದ ಕೊಂಬೆಯಲ್ಲಿ ಕಾಯುತ್ತಿರುತ್ತದೆ. ಒಳಗಿರುವವರೂ ಕಾಯುತ್ತಿರುತ್ತಾರೆ.